ಹನ್ನೊಂದನೇ ದಿನದ ಬಿಸಿಲು

ಜೂನ್ 3

ತಮ್ಮನಿಗೆ,

ನಿನ್ನ ಕ್ಷೇಮ ಕೇಳಲು ಬರೆಯುತ್ತಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಎರಡು ವರ್ಷದ ಮೇಲೆ ಅಕ್ಕನ ಅಕ್ಷರ ಕಂಡು ನೀನು ಹಿಗ್ಗಿ ಹೋಗುವುದೂ ಬೇಡ. ಒಂದು ವಿಷಯ ಕೇಳಬೇಕಾಗಿದೆ, ಅದು ನಿನಗೊಬ್ಬನಿಗೇ ಗೊತ್ತು. ಫೋನ್ ಮಾಡಬಹುದಿತ್ತು. ನಿನ್ನ ದನಿ ಕೇಳುವಷ್ಟು ನಾನಿನ್ನೂ ಸರಿಯಾಗಿಲ್ಲ.

ಹೋದ ಭಾನುವಾರ ಬೆಳಿಗ್ಗೆ ನಿನ್ನ ಭಾವ ಹಲ್ಲುಜ್ಜುತ್ತಾ ನಿಂತವರು ಇದ್ದಕ್ಕಿದ್ದಂತೆ ಕೇಳಿದರು, "ಬಟಾಣಿಗೆ ಗುಳಿ ಬೀಳ್ತಾ ಇದ್ದದ್ದು ಯಾವ ಕೆನ್ನೇಲಿ?" ನಾನು ಎಡ ಅಂದೆ. ಅವರು ಬಲ ಅಂದರು. ಮೊದಲು ವಾದ ಮಾಡಿದೆವು. ಮಧ್ಯಾಹ್ನದ ಹೊತ್ತಿಗೆ ಇಬ್ಬರಿಗೂ ಅನುಮಾನ ಹತ್ತಿತು. ಒಂಬತ್ತು ವರ್ಷ ಎತ್ತಿ ಆಡಿಸಿದ ಮಗಳ ಗುಳಿ ಎಡವೋ ಬಲವೋ ಎಂದು ಹೆತ್ತವಳಿಗೆ ಗೊತ್ತಿಲ್ಲ ಅಂದರೆ ಏನು ಹೇಳುವುದು. ಫೋಟೋಗಳನ್ನೆಲ್ಲ ಹರಡಿಕೊಂಡು ಕೂತೆವು. ಕ್ಯಾಮೆರಾ ಕಂಡರೆ ಅವಳು ತುಟಿ ಬಿಗಿದು ಸಿಪಾಯಿಯ ಹಾಗೆ ನಿಲ್ಲುತ್ತಿದ್ದಳಲ್ಲ. ಗುಳಿ ಬೀಳಬೇಕಾದರೆ ನಗಬೇಕು. ಅವಳು ನಗುತ್ತಿರುವುದು ನೀನು ಬರೆದ ಚಿತ್ರದಲ್ಲಿ ಮಾತ್ರ.

ಆ ಚಿತ್ರ ಹೊತ್ತುಕೊಂಡು ನೀನು ನಮ್ಮ ಮನೆಗೆ ಬಂದ ದಿನ ಅವಳನ್ನು ಕೊನೆಯ ಸಲ ನಡುಮನೆಯಲ್ಲಿ ಮಲಗಿಸಿದ್ದೆವು. ಅವತ್ತು ಎಲ್ಲರ ಮುಂದೆ ನಾನು ಅಂದದ್ದನ್ನು ಮತ್ತೆ ಬರೆಯುವುದಿಲ್ಲ. ಹಿಂದಕ್ಕೂ ತೆಗೆದುಕೊಳ್ಳುವುದಿಲ್ಲ. ಚಿತ್ರವನ್ನು ಕಣ್ಣೆತ್ತಿ ನೋಡದೆ ಕರಿ ಕಂಬಳಿಯಲ್ಲಿ ಸುತ್ತಿ ಬೀರುವಿನ ಹಿಂದೆ ನೂಕಿದ್ದೆ. ಭಾನುವಾರ ಹೊರಗೆ ತೆಗೆದೆ.

ಬಟಾಣಿಗೆ ಕಾಮಾಲೆ ಬಂದಿದೆ, ಕಣೋ. ಹಣೆ, ಹಲ್ಲು, ಕಣ್ಣಿನ ಬಿಳಿ ಎಲ್ಲ ಹಳದಿ. ಮುಖದ ಮೇಲೆ ಯಾರೋ ಚಹಾ ಸೋಸಿದ ಹಾಗಿದೆ. ಕೆನ್ನೆಯಲ್ಲಿರುವುದು ಗುಳಿಯೋ ಕೊಳೆಯೋ ತಿಳಿಯುವುದಿಲ್ಲ. ಯಾವ ಕೆಟ್ಟ ಎಣ್ಣೆ ಹಾಕಿದ್ದೆ? ಒಗೆಯಬಹುದೇ, ಒರೆಸಬಹುದೇ, ಏನು ಹಚ್ಚಬೇಕು, ಅಷ್ಟು ಬರಿ ಸಾಕು.

ಅಕ್ಕ


ಜೂನ್ 11

ಅಕ್ಕಾ,

ಹಿಗ್ಗಬೇಡ ಎಂದೆ. ಹಿಗ್ಗಿದೆ. ಲಕೋಟೆ ಒಡೆಯುವ ಮೊದಲು ಅಂಗಡಿ ಬಾಗಿಲು ಹಾಕಿಕೊಂಡು ಒಂದು ಲೋಟ ನೀರು ಕುಡಿದೆ. ಗಿರಾಕಿಯೊಬ್ಬ ಹೊರಗೆ ನಿಂತು ಬಾಗಿಲು ಬಡಿದು ಬಡಿದು ಹೋದ.

ಒಗೆಯಬೇಡ, ಒರೆಸಬೇಡ, ಏನೂ ಹಚ್ಚಬೇಡ. ಎಣ್ಣೆ ಕೆಟ್ಟದ್ದಲ್ಲ, ಅಪ್ಪನ ಕಾಲದಿಂದ ನಾವು ಬಳಸುವ ಅದೇ ಅಗಸೆ ಎಣ್ಣೆ. ಅದರ ಸ್ವಭಾವ ಹಾಗೆ. ನೀರಿನ ಹಾಗೆ ಆರಿಹೋಗುವುದಿಲ್ಲ, ಗಾಳಿ ಕುಡಿದು ಕುಡಿದು ಗಟ್ಟಿಯಾಗುತ್ತದೆ, ಬಣ್ಣವನ್ನು ಒಳಗೆ ಹಿಡಿದುಕೊಳ್ಳುತ್ತದೆ. ಕತ್ತಲಲ್ಲಿ ಇಟ್ಟರೆ ಹಳದಿ ತಿರುಗುತ್ತದೆ. ಮತ್ತೆ ಬೆಳಕಿಗೆ ತಂದರೆ ಹಳದಿ ತಾನಾಗಿಯೇ ಇಳಿಯುತ್ತದೆ. ನಮ್ಮಲ್ಲಿ ಎಷ್ಟೋ ಚಿತ್ರಗಳಿಗೆ ಹೀಗೇ ಮಾಡಿದ್ದೇನೆ.

ಆದ್ದರಿಂದ ಇಷ್ಟು ಮಾಡು. ಕಿಟಕಿಯ ಪಕ್ಕದಲ್ಲಿ, ನೇರ ಬಿಸಿಲು ಬೀಳದ ಕಡೆ, ಬೆಳಕಿಗೆ ಮುಖ ಮಾಡಿ ಹತ್ತು ದಿನ ಇಡು. ಹತ್ತೇ ದಿನ. ಹನ್ನೊಂದನೇ ದಿನ ಒಳಗಿನ ಕೋಣೆಯ ಗೋಡೆಗೆ ಹಾಕಿಬಿಡು. ಮರೆಯಬೇಡ.

ಗುಳಿ ಯಾವ ಕೆನ್ನೆಯಲ್ಲಿ ಎಂದು ನಾನು ಹೇಳಬಲ್ಲೆ. ಹೇಳುವುದಿಲ್ಲ, ನೀನೇ ನೋಡು.

ಆ ಬೇಸಿಗೆ ರಜೆಯಲ್ಲಿ ಅವಳು ಇಲ್ಲಿದ್ದ ಮೂವತ್ತಮೂರು ದಿನ ನಾನು ಬಣ್ಣ ಅರೆಯುವ ಕೋಣೆಯ ಬಾಗಿಲ ಹೊರಗೆ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದಳು. ಒಳಗೆ ಬರುತ್ತಿರಲಿಲ್ಲ, ನೀನು ಹೇಳಿ ಕಳಿಸಿದ್ದ ಹಾಗೆ. ಅಲ್ಲಿಂದಲೇ ಬಣ್ಣಗಳಿಗೆಲ್ಲ ಹೆಸರಿಟ್ಟಳು. ಕಂದುಮಣ್ಣು ಒಂದೇ ದಿನದಲ್ಲಿ ಒಣಗುತ್ತದೆ, ಅದು ಕ್ಲಾಸ್ ಮಾನಿಟರ್. ಮೂಳೆ ಸುಟ್ಟು ಮಾಡುವ ಕಪ್ಪು ಎರಡು ವಾರವಾದರೂ ಕೈಗೆ ಅಂಟುತ್ತದೆ, ಅದು ಕೊನೇ ಬೆಂಚು. ತಾಮ್ರದ ಹಸಿರು ಪಕ್ಕದ ಬಣ್ಣದ ಜೊತೆ ಜಗಳವಾಡಿ ಕಪ್ಪಾಗುತ್ತದೆ ಎಂದೆ, "ಹಂಗಾದ್ರೆ ಅದು ಚಾಡಿಕೋರ, ಅದನ್ನ ಒಂಟಿಯಾಗಿ ಕೂರಿಸು ಮಾಮ" ಅಂದಳು. ಬಿಳಿ ಎಲ್ಲದರಲ್ಲೂ ಹೋಗಿ ತಲೆ ಹಾಕುತ್ತದೆ, ಅದು ಹೆಡ್ ಮೇಡಂ. ನನಗೆ ಈಗಲೂ ಕಪ್ಪು ಅರೆಯುವಾಗ ಬಾಯಿಗೆ ಬರುವುದು ಕೊನೇ ಬೆಂಚು ಎಂದೇ.

ಭಾವನವರಿಗೆ ನನ್ನ ನಮಸ್ಕಾರ ತಿಳಿಸು, ತಿಳಿಸುವ ಮನಸ್ಸಿದ್ದರೆ.

ತಮ್ಮ


ಜೂನ್ 26

ತಮ್ಮನಿಗೆ,

ಬಲಗೆನ್ನೆ. ನಿನ್ನ ಭಾವ ಗೆದ್ದರು. ಮೂರು ದಿನ ಮನೆಯಲ್ಲಿ ಎದೆ ಉಬ್ಬಿಸಿಕೊಂಡು ಓಡಾಡಿ, ನಾಲ್ಕನೇ ದಿನ ಲಾರಿ ಹತ್ತಿ ದೂರದ ಲೋಡಿಗೆ ಹೋದರು. ಹೋಗುವ ಮೊದಲು ಚಿತ್ರದ ಮುಂದೆ ನಿಂತು, "ಬರ್ತೀನಿ ಕಣೇ" ಅಂದರು. ಎರಡು ವರ್ಷದಿಂದ ಅವರು ಹೊರಡುವಾಗ ಯಾರಿಗೂ ಹಾಗೆ ಹೇಳಿರಲಿಲ್ಲ. ನನಗೂ.

ದಿನಾ ಬೆಳಿಗ್ಗೆ ಎದ್ದು ನೋಡುವುದೇ ಕೆಲಸವಾಗಿತ್ತು. ಮೊದಲು ಹಲ್ಲು ಬೆಳ್ಳಗಾಯಿತು, ಆಮೇಲೆ ಹಣೆ. ಏಳನೇ ದಿನ ಕೆನ್ನೆ ಕೆಂಪಾಗಿ ಮೇಲೆ ಬಂತು, ಆಗ ಗುಳಿ ಕಂಡಿತು. ಆಟವಾಡಿ ಓಡಿ ಬಂದು ನೀರು ಕೇಳುವಾಗ ಹೇಗಿರುತ್ತಿದ್ದಳೋ ಹಾಗೇ ಇದ್ದಾಳೆ. ಆ ಕೆಂಪನ್ನು ಎಲ್ಲಿಂದ ತಂದೆಯೋ ಮಾರಾಯ. ಅಡುಗೆಮನೆಯಿಂದ ಬಗ್ಗಿ ನೋಡುತ್ತೇನೆ, ನಡುಮನೆಯಿಂದ ಎದ್ದು ಬಂದು ನೋಡುತ್ತೇನೆ. ನಾನು ನಗುತ್ತೇನೆ, ಆಮೇಲೆ ಬಿಕ್ಕಿ ಬಿಕ್ಕಿ ಅಳುತ್ತೇನೆ, ಆಮೇಲೆ ಕೆಲಸಕ್ಕೆ ಹೋಗುತ್ತೇನೆ.

ಕುತ್ತಿಗೆಯ ಹತ್ತಿರ ಇನ್ನೂ ಒಂಚೂರು ಹಳದಿ ಉಳಿದಿದೆ. ನಿನ್ನದು ಯಾವಾಗಲೂ ಅಂಜುಬುರುಕ ಲೆಕ್ಕ, ಹತ್ತು ದಿನವಂತೆ. ಬಿಸಿಲಿನ ವಿಷಯ ನನಗೆ ಕಲಿಸಬೇಡ. ಆಸ್ಪತ್ರೆಯ ನಾನೂರು ಹಾಸುಬಟ್ಟೆಗಳನ್ನು ದಿನಾ ತಾರಸಿಯ ಮೇಲೆ ಒಣಹಾಕಿಸುವವಳು ನಾನು. ಯಾವ ಪುಡಿಗೂ ಜಗ್ಗದ ಕಲೆ ಬಿಸಿಲಿಗೆ ಹೋಗುತ್ತದೆ. ಅದೂ ಅಲ್ಲದೆ ಅಪ್ಪ ಅಂಗಡಿಗೆ ಹಾಕಿಸಿದ ಬೋರ್ಡಿನ ಮೇಲೆ ಇಂದಿಗೂ ಇದೆಯಲ್ಲ, ಬಿಸಿಲಿಗೆ ಹೆದರದ ಬಣ್ಣಗಳು ಎಂದು.

ಎರಡು ಪ್ರಶ್ನೆ. ಕೆಂಪಿಗೆ ಏನು ಹೆಸರಿಟ್ಟಿದ್ದಳು? ಅದೊಂದನ್ನು ನೀನು ಬರೆಯಲಿಲ್ಲ.

ಇನ್ನೊಂದು, ಕೋಪವಿಲ್ಲದೆ ಕೇಳುತ್ತಿದ್ದೇನೆ. ಅಪ್ಪನ ಕೈಗಳು ನಿನಗೂ ನೆನಪಿವೆ. ಕೊನೆಕೊನೆಗೆ ಚಮಚ ಎತ್ತಿದರೆ ಮಣಿಕಟ್ಟು ಜೋತು ಬೀಳುತ್ತಿತ್ತು, ನಾನೇ ಉಣ್ಣಿಸುತ್ತಿದ್ದೆ. ಹೆಣ್ಣುಮಗು ಎಂದು ಅವರು ನನ್ನನ್ನು ಆ ಕೋಣೆಯ ಹೊಸಿಲು ದಾಟಲು ಬಿಟ್ಟಿರಲಿಲ್ಲ, ಆಗ ಅತ್ತಿದ್ದೆ, ಆಮೇಲೆ ಬದುಕಿದೆ ಅಂದುಕೊಂಡೆ. ಅದಕ್ಕೇ ಬಟಾಣಿಯನ್ನು ಕಳಿಸುವಾಗ ಸಾರಿ ಸಾರಿ ಹೇಳಿದ್ದು. ಡಾಕ್ಟರು ಮಿದುಳು ಜ್ವರ ಅಂದರು, ಅದನ್ನು ತಲೆ ಒಪ್ಪುತ್ತದೆ. ಹೊಟ್ಟೆ ಒಪ್ಪುವುದಿಲ್ಲ. ನಿಜ ಹೇಳು, ಅವಳು ಬಣ್ಣ ಮುಟ್ಟಿದ್ದಳಾ?

ಅಕ್ಕ


ಜುಲೈ 4

ಅಕ್ಕಾ,

ಮುಟ್ಟಿರಲಿಲ್ಲ. ಅವತ್ತು ಹೇಳಿದ್ದನ್ನೇ ಇವತ್ತೂ ಹೇಳುತ್ತೇನೆ.

ಕೆಂಪಿಗೆ ಏನೋ ಹೆಸರಿಟ್ಟಿದ್ದಳು, ನೆನಪಾಗುತ್ತಿಲ್ಲ.

ಭಾವನವರು ಗೆದ್ದದ್ದು ಕೇಳಿ ಖುಷಿಯಾಯಿತು. ನೀನು ಚಿಕ್ಕಂದಿನಿಂದ ಎಡ ಬಲ ಅದಲು ಬದಲು ಮಾಡುವವಳೇ. ಚಪ್ಪಲಿ ಉಲ್ಟಾ ಹಾಕಿಕೊಂಡು ಶಾಲೆಗೆ ಹೋಗಿ ಬಂದದ್ದನ್ನು ಬಟಾಣಿಗೆ ಹೇಳಿದ್ದೆ. ಸ್ಟೂಲಿನಿಂದ ಬೀಳುವ ಹಾಗೆ ನಕ್ಕಿದ್ದಳು. ಆ ನಗುವನ್ನೇ ಬರೆದದ್ದು.

ಕುತ್ತಿಗೆಯ ಹಳದಿ ಇದ್ದರೆ ಇರಲಿ, ಯಾರೂ ಗಮನಿಸುವುದಿಲ್ಲ. ಚಿತ್ರವನ್ನು ಒಳಗಿನ ಗೋಡೆಗೆ ಹಾಕಿದೆಯಾ? ಹಾಕಿಲ್ಲದಿದ್ದರೆ ಈ ಕಾಗದ ಕೈಗೆ ಬಂದ ಕೂಡಲೇ ಹಾಕು. ಬಿಸಿಲಿಗೆ ಇಟ್ಟರೆ ಚೌಕಟ್ಟಿನ ಮರ ಬಿರಿದು ಮೂಲೆ ಬಾಯಿ ಬಿಡುತ್ತದೆ. ಅದು ದಪ್ಪ ಚೌಕಟ್ಟು, ಮತ್ತೆ ಮಾಡಿಸುವುದು ಕಷ್ಟ. ಅದಕ್ಕೇ ಹೇಳುತ್ತಿದ್ದೇನೆ. ಬೇರೆ ಕಾರಣವೇನಿಲ್ಲ.

ಹಾಕಿದೆ ಎಂದು ಒಂದು ಸಾಲು ಬರಿ.

ತಮ್ಮ


ಸೆಪ್ಟೆಂಬರ್ 9

ಬಟಾಣಿಯ ಕೆನ್ನೆ ಹೋಯಿತು.

ಹೇಗೆ ಎಂದು ಕೇಳಬೇಡ, ನಾನೇ ಹೇಳುತ್ತೇನೆ. ಚೌಕಟ್ಟು ಬಿರಿಯುತ್ತದೆ ಅಂದೆಯಲ್ಲ, ಆಸ್ಪತ್ರೆಯ ಬಡಗಿಯನ್ನು ಕರೆದು ತೋರಿಸಿದೆ. ಅವನು ಬೆರಳಿನಿಂದ ತಟ್ಟಿ ನೋಡಿ, "ಇದು ಹಳೇ ಮರ ಅಕ್ಕಾವ್ರೇ, ಇನ್ನೂ ಐವತ್ತು ವರ್ಷ ಬಿಸಿಲಲ್ಲಿಟ್ರೂ ಅಲುಗಾಡಲ್ಲ" ಅಂದ. ನೀನು ಹೇಳಿದ್ದು ಒಂದೇ ಕಾರಣ. ಆ ಕಾರಣ ಇಲ್ಲ ಎಂದಾದ ಮೇಲೆ ಇನ್ನೇನು ಭಯ. ಹತ್ತು ದಿನಕ್ಕೆ ಇಷ್ಟು ಬೆಳ್ಳಗಾದವಳು ಇನ್ನಷ್ಟು ದಿನ ಇಟ್ಟರೆ ಪೂರ್ತಿ ಬಂದುಬಿಡುತ್ತಾಳೆ ಅನ್ನಿಸಿತು. ದಿನಾ ಕೆಲಸಕ್ಕೆ ಹೋಗುವಾಗ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೋದೆ. ತಾರಸಿಯ ಮೇಲೆ ಹಾಸುಬಟ್ಟೆಗಳ ನಡುವೆ ಕುರ್ಚಿಗೆ ಒರಗಿಸಿ ಇಟ್ಟೆ, ಹತ್ತು ಗಂಟೆಯಿಂದ ಮೂರರವರೆಗೆ. ಈ ವರ್ಷ ಮಳೆ ಕೈಕೊಟ್ಟಿದೆ, ಬಿಸಿಲಿಗೆ ಬರವಿರಲಿಲ್ಲ. ಊಟದ ಹೊತ್ತಿಗೆ ಅವಳ ಎದುರೇ ಕೂತು ತಿಂದೆ. ಕೆಲಸದ ಹೆಂಗಸರು ಇವಳಿಗೆ ಹುಚ್ಚು ಹಿಡಿದಿದೆ ಅಂದುಕೊಂಡಿರಬೇಕು. ಅಂದುಕೊಳ್ಳಲಿ. ಎರಡು ವರ್ಷದಲ್ಲಿ ನಾನು ಅಷ್ಟು ಸುಖವಾಗಿ ಇದ್ದದ್ದು ಆ ಎರಡು ತಿಂಗಳು.

ದಿನಾ ನೋಡುವವಳಿಗೆ ಗೊತ್ತಾಗಲಿಲ್ಲ. ನಡುವೆ ಒಮ್ಮೆ ಬಂದು ಮತ್ತೆ ಲೋಡಿಗೆ ಹೋಗಿದ್ದ ನಿನ್ನ ಭಾವ ಐದು ವಾರದ ಮೇಲೆ ಮೊನ್ನೆ ಬಂದರು. ಚೀಲ ಇಳಿಸಿ ಚಿತ್ರದ ಮುಂದೆ ನಿಂತರು. ಆಮೇಲೆ ನನ್ನ ಕಡೆ ತಿರುಗಿ, "ಏನೇ ಮಾಡಿದೆ ಅವಳಿಗೆ?" ಅಂದರು.

ಆಗ ನೋಡಿದೆ. ಕಣ್ಣಿದೆ, ಕೂದಲಿದೆ, ಹಿಂದಿನ ನೀಲಿ ಗೋಡೆ ಇದ್ದ ಹಾಗೇ ಇದೆ. ಕೆಂಪು ಮಾತ್ರ ಇಲ್ಲ. ತುಟಿಯಲ್ಲಿಲ್ಲ, ಕೆನ್ನೆಯಲ್ಲಿಲ್ಲ. ಅಂಗಿ ಬೂದಿ ಬಣ್ಣ. ಗುಳಿ ಇದ್ದ ಜಾಗ ಸಪಾಟು. ಆ ಕೊನೆಯ ಬೆಳಿಗ್ಗೆ ಹೇಗಿದ್ದಳೋ ಹಾಗಿದ್ದಾಳೆ. ನೀನು ಅವತ್ತು ಬಂದಾಗ ನೋಡಿದೆಯಲ್ಲ, ಅದೇ ಮುಖ.

ಬಿಸಿಲಿಗೆ ಹೆದರದ ಬಣ್ಣ ಅಲ್ಲವೇ. ಹಾಗಾದರೆ ನೀನು ಹಾಕಿದ್ದು ಯಾವ ಬಣ್ಣ?


ಸೆಪ್ಟೆಂಬರ್ 16

ಅಕ್ಕಾ,

ಇದನ್ನು ಎರಡು ವರ್ಷದ ಹಿಂದೆಯೇ ಬರೆಯಬೇಕಿತ್ತು. ಹೋಗಲಿ, ಜುಲೈಯಲ್ಲಿ ಬರೆದಿದ್ದರೂ ಅವಳ ಕೆನ್ನೆ ಉಳಿಯುತ್ತಿತ್ತು.

ಆ ಕೆಂಪನ್ನು ಅರೆದವಳು ಬಟಾಣಿ.

ಬಾಗಿಲ ಹೊರಗೆ ಸ್ಟೂಲಿನ ಮೇಲೆ ಅವಳು ಕೂತದ್ದು ನಿಜ, ಆರು ದಿನ. ಏಳನೇ ದಿನ ಒಳಗೆ ಬಂದಳು. "ಮಾಮ, ನಿಂಗೆ ಯಾರೂ ಸಹಾಯ ಮಾಡೋರಿಲ್ಲ, ಪಾಪ" ಅಂದಳು. ನಾನು ಬೈದು ಹೊರಗೆ ಕಳಿಸಬೇಕಿತ್ತು. ನನಗೆ ಮಕ್ಕಳಿಲ್ಲ, ಅಕ್ಕಾ, ಪಾಪ ಅನ್ನಿಸಿಕೊಂಡು ಅಭ್ಯಾಸವಿಲ್ಲ. ಕರಗಿಹೋದೆ.

ಆದರೂ ನಿನ್ನ ಮಾತು ತಲೆಯಲ್ಲಿತ್ತು. ಗಟ್ಟಿಯಾಗಿ ಉಳಿಯುವ ಬಣ್ಣಗಳಲ್ಲಿ ಎಷ್ಟೋ ವಿಷ. ಅಪ್ಪನ ಮಣಿಕಟ್ಟು ತಿಂದದ್ದು ಸೀಸದ ಬಿಳಿ. ಪಾದರಸದಿಂದ ಮಾಡುವ ಕೆಂಪು, ಆ ಚಾಡಿಕೋರ ಹಸಿರು, ಎಲ್ಲವನ್ನೂ ಬೀರುವಿಗೆ ಹಾಕಿ ಬೀಗ ಜಡಿದು, ನೆಲ ಒರೆಸಿ, ಆಮೇಲೆ ಅವಳನ್ನು ಒಳಗೆ ಬಿಟ್ಟೆ. ಮಣ್ಣಿನ ಬಣ್ಣಗಳು ಸಾಧು, ಕೆಡುವುದೂ ಇಲ್ಲ. ಮೊದಲು ಕೆಮ್ಮಣ್ಣನ್ನೇ ಕೊಟ್ಟೆ. ಮೂಸಿ ನೋಡಿ ಪಕ್ಕಕ್ಕಿಟ್ಟಳು. "ಇದು ಇಟ್ಟಿಗೆ ಬಣ್ಣ ಮಾಮ. ನಾನೇನು ಗೋಡೆಯಾ?"

ಮಂಜಿಷ್ಠದ ಬೇರು ತಂದೆ. ಔಷಧಿ ಅಂಗಡಿಯಲ್ಲಿ ಸಿಗುವ ಬೇರು, ಕುಡಿದರೂ ಏನೂ ಆಗುವುದಿಲ್ಲ. ಕುದಿಸಿ ರಸ ತೆಗೆದು ಪಟಿಕ ಹಾಕಿದರೆ ಕೆಂಪು ತಳಕ್ಕೆ ಇಳಿಯುತ್ತದೆ. ಅದನ್ನು ಸೋಸಿ ಒಣಗಿಸಿ ಪುಡಿ ಮಾಡಿದೆವು. ಕಲ್ಲಿನ ಮೇಲೆ ಎಣ್ಣೆ ಬಿಟ್ಟು ಗಾಜಿನ ಗುಂಡಿನಿಂದ ಅವಳೇ ಅರೆದಳು, ಎರಡೂ ಕೈಯಲ್ಲಿ ಹಿಡಿದು, ನಾಲಿಗೆ ಹೊರಗೆ ಹಾಕಿಕೊಂಡು, ಮೂರು ದಿನ. ಹೆಬ್ಬೆರಳಿನ ಗಾತ್ರದ ಒಂದು ಟ್ಯೂಬ್ ತುಂಬಿತು. ಅಪ್ಪ ಆ ಬಣ್ಣವನ್ನು ಅಂಗಡಿಯಲ್ಲಿ ಇಟ್ಟವರೇ ಅಲ್ಲ, ಬಿಸಿಲಿಗೆ ನಿಲ್ಲುವುದಿಲ್ಲ ಎಂದು. ತೆಳುವಾಗಿ ಹಚ್ಚಿದರಂತೂ ಇನ್ನೂ ಬೇಗ ಹೋಗುತ್ತದೆ. ಕೆನ್ನೆಗೆ ದಪ್ಪ ಹಚ್ಚಲು ಆಗುತ್ತದೆಯೇ. ನೆರಳಿನ ಗೋಡೆಯ ಮೇಲೆ ನಮ್ಮೆಲ್ಲರ ಆಯಸ್ಸಿಗೆ ಸಾಕು ಎಂದುಕೊಂಡು ಅವಳ ತುಟಿ, ಕೆನ್ನೆ, ಅಂಗಿ ಎಲ್ಲವನ್ನೂ ಅದರಲ್ಲೇ ಬರೆದೆ. ಗುಳಿಯ ನೆರಳೂ ಅದೇ.

ಇದು ನಿಲ್ಲುವುದಿಲ್ಲ ಕಣೇ ಎಂದು ಅವಳಿಗೂ ಹೇಳಿದ್ದೆ. ಆಗಲೇ ಹೆಸರಿಟ್ಟದ್ದು. ನೆನಪಿಲ್ಲ ಎಂದದ್ದು ಸುಳ್ಳು. ಅದಕ್ಕೆ "ಅಮ್ಮ" ಎಂದು ಹೆಸರು. "ಅಮ್ಮನ ಸಿಟ್ಟಿನ ಹಂಗೆ ಮಾಮ, ಜೋರಾಗಿ ಬರುತ್ತೆ, ನಿಲ್ಲಲ್ಲ" ಅಂದಳು.

ನಾಲ್ಕು ತಿಂಗಳಿಗೆ ಆ ಜ್ವರ ಬಂತು. ನೀನು ಅಂಗಳದಲ್ಲಿ ಎಲ್ಲರ ಮುಂದೆ, "ನಿನ್ನ ಬಣ್ಣವೇ ನನ್ನ ಮಗಳನ್ನ ತಿಂತು" ಅಂದೆ. ಮುಟ್ಟಿದ್ದಳಾ ಎಂದು ಕೇಳಿದೆ. ಇಲ್ಲ, ಬಟಾಣಿಯ ಮೇಲಾಣೆ ಅಂದೆ. ಒಳಗೆ ಮಲಗಿದ್ದವಳ ಮೇಲೆ ಆಣೆ ಇಟ್ಟು ಸುಳ್ಳು ಹೇಳಿದೆ. ಅದಾದ ಮೇಲೆ ಹೇಗೆ ಬಾಯಿ ಬಿಡಲಿ? ಬಿಸಿಲಿಗೆ ಆ ಕೆಂಪು ಹಾರುತ್ತದೆ ಎಂದು ಬರೆದರೆ, ಹಾರುವ ಕೆಂಪು ನಮ್ಮ ಅಂಗಡಿಗೆ ಎಲ್ಲಿಂದ ಬಂತು ಎಂದು ನೀನು ಕೇಳುತ್ತಿದ್ದೆ. ಅದಕ್ಕೇ ಹತ್ತು ದಿನ ಅಂದೆ, ಚೌಕಟ್ಟು ಅಂದೆ. ಎರಡು ಸುಳ್ಳು ಸೇರಿಸಿ ಅವಳ ಮುಖ ಅಳಿಸಿದೆ. ನೀನಲ್ಲ ಅಕ್ಕಾ, ನಾನು.

ಇನ್ನೊಂದಿದೆ. ಚಿತ್ರ ಮುಗಿದ ದಿನ, "ನೀನು ಸಹಿ ಹಾಕ್ತೀಯ, ನನ್ನ ಸಹಿ ಎಲ್ಲಿ?" ಎಂದು ಹಟ ಹಿಡಿದಳು. ಕೆಳಗಿನ ಬಲಮೂಲೆಯಲ್ಲಿ ಹೆಬ್ಬೆರಳು ಒತ್ತಿಸಿದೆ, ಅದೇ ಕೆಂಪಿನಲ್ಲಿ. ನಿನ್ನಲ್ಲಿಗೆ ತರುವ ಮೊದಲು ಅದನ್ನು ಮುಚ್ಚಲೆಂದೇ ಎರಡು ಬೆರಳು ಅಗಲದ ಚೌಕಟ್ಟು ಹಾಕಿಸಿದೆ. ಬಡಗಿಯ ಹತ್ತಿರ ಹಿಂದಿನ ಮೊಳೆ ಕೀಳಿಸಿ ನೋಡು. ಬೆಳಕು ತಾಗದ ಜಾಗ ಅದು. ಇದ್ದರೆ ಅಲ್ಲಿ ಇರಬೇಕು.

ಚಿತ್ರವನ್ನು ನನಗೆ ಕಳಿಸು. ಮುನ್ನೂರು ವರ್ಷವಾದರೂ ಜಗ್ಗದ ಕೆಂಪು ಇದೆ ನನ್ನ ಹತ್ತಿರ. ಕೆನ್ನೆ, ತುಟಿ, ಗುಳಿ, ಎಲ್ಲ ನನಗೆ ನೆನಪಿದೆ. ಇದ್ದ ಹಾಗೇ ಬರೆದು ಕೊಡುತ್ತೇನೆ.

ತಮ್ಮ


ಅಕ್ಟೋಬರ್ 21

ಅಕ್ಕಾ,

ಕಾಗದ ತಲುಪಿರಬೇಕು. ಉತ್ತರ ಬಂದಿಲ್ಲ.

ಬೋರ್ಡು ಇಳಿಸಿದೆ. ಹೊಸದು ಬರೆಸಿಲ್ಲ. ಗಿರಾಕಿಗಳು ಅಂಗಡಿ ಮುಚ್ಚಿತು ಎಂದುಕೊಂಡು ಮುಂದೆ ಹೋಗುತ್ತಿದ್ದಾರೆ.

ಬೈಯುವುದಾದರೆ ಬೈ. ಬೈದಾದರೂ ಬರಿ.

ತಮ್ಮ


ಡಿಸೆಂಬರ್ 2

ಅಕ್ಕಾ,

ಹೊಸ ಕೆಂಪು ಅರೆದು ಇಟ್ಟಿದ್ದೇನೆ. ಅವಳದರ ಹತ್ತಿರಕ್ಕೆ ಬಂದಿದೆ, ಅದೇ ಆಗಿಲ್ಲ.

ಭಾವನವರು ಹೇಗಿದ್ದಾರೆ?

ತಮ್ಮ


ಫೆಬ್ರವರಿ 8

ತಮ್ಮನಿಗೆ,

ನಿನ್ನ ಮೂರೂ ಕಾಗದ ಬಂದಿವೆ. ಮೊದಲನೆಯದನ್ನು ಓದಿ ಒಲೆಗೆ ಹಾಕಲು ಹೋದೆ. ನಿನ್ನ ಭಾವ ಕಿತ್ತುಕೊಂಡರು. ಅದರಲ್ಲಿ ಅವಳು ಆಡಿದ ಮಾತುಗಳಿವೆ, ಸುಡಬೇಡ ಅಂದರು. ಗೋಡೆಯಾ ಅಂದಳಲ್ಲ, ಅದನ್ನು ಓದಿಸಿಕೊಂಡು ಓದಿಸಿಕೊಂಡು ಕೇಳುತ್ತಾರೆ. ನಗುತ್ತಾರೆ, ಎದ್ದು ಹೊರಗೆ ಹೋಗಿಬಿಡುತ್ತಾರೆ.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ಮೂರು ಸಲ ಕೂತೆ. ಬರಲಿಲ್ಲ. ನನ್ನ ಸಿಟ್ಟು ನಿಲ್ಲುವುದಿಲ್ಲ ಎಂದು ಅವಳಿಗೆ ಯಾರು ಹೇಳಿದರು. ಅವಳಿಗೆ ಗೊತ್ತಿದ್ದದ್ದು ಹೋಂವರ್ಕಿನ ಸಿಟ್ಟು, ಚೆಲ್ಲಿದ ಹಾಲಿನ ಸಿಟ್ಟು. ಇದನ್ನು ಅವಳು ನೋಡಿರಲಿಲ್ಲ.

ಈಗ ನನ್ನದೂ ಒಂದು ಕೇಳು. ನಿನ್ನ ಭಾವನಿಗೂ ಹೇಳಿರಲಿಲ್ಲ, ಮೊನ್ನೆ ಹೇಳಿದೆ.

ರಜೆ ಮುಗಿಸಿ ಬಂದ ದಿನ ಅವಳ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಕೆಂಪು ಇತ್ತು. ಇದೇನೇ ಅಂದೆ. "ಬೀಟ್‌ರೂಟ್" ಅಂದಳು. ನಿನ್ನ ಹಾಗೆಯೇ, ಕಣ್ಣು ಮಿಟುಕಿಸದೆ. ನಿನ್ನನ್ನು ಉಳಿಸಲು ಹೇಳಿದ ಸುಳ್ಳು ಅದು. ನನಗೆ ಅಪ್ಪನ ಕೈ ಕಣ್ಣ ಮುಂದೆ ಬಂತು. ಬಚ್ಚಲಿಗೆ ಎಳೆದುಕೊಂಡು ಹೋಗಿ ಆಸ್ಪತ್ರೆಯ ಬ್ಲೀಚಿಂಗ್ ಪುಡಿ ಹಾಕಿ ಬ್ರಷ್ಷಿನಿಂದ ಉಜ್ಜಿದೆ. "ಉರಿ ಅಮ್ಮ, ಉರಿ" ಅಂದಳು. ಸುಳ್ಳು ಹೇಳ್ತೀಯಾ ಎಂದು ಕೆನ್ನೆಗೆ ಒಂದು ಏಟು ಕೊಟ್ಟೆ. ಉಗುರು ಬೆಳ್ಳಗಾಗುವ ತನಕ ಬಿಡಲಿಲ್ಲ. ಅವಳ ಮೇಲೆ ನಾನು ಕೈ ಮಾಡಿದ್ದು ಅದೊಂದೇ ಸಲ.

ಹಾಗಾಗಿ ನೀನು ಆಣೆ ಇಟ್ಟಾಗ ಅದು ಸುಳ್ಳು ಎಂದು ನನಗೆ ಗೊತ್ತಿತ್ತು. ಹೇಗೆ ಗೊತ್ತು ಎಂದು ಹೇಳಬೇಕಾದರೆ ಆ ಏಟನ್ನೂ ಹೇಳಬೇಕಿತ್ತು. ಅದಕ್ಕೆ ಬಾಯಿ ಮುಚ್ಚಿಕೊಂಡು ಎಲ್ಲವನ್ನೂ ನಿನ್ನ ತಲೆಗೆ ಕಟ್ಟಿದೆ. ಜೂನಿನಲ್ಲಿ ಮತ್ತೆ ಕೇಳಿದ್ದೂ ನಿನ್ನಿಂದ ಹೌದು ಅನ್ನಿಸಿಕೊಳ್ಳಲಿಕ್ಕೆ. ನೀನು ಹೌದು ಅಂದಿದ್ದರೆ ನಾನೂ ಹೇಳಿಬಿಡುತ್ತಿದ್ದೆ. ಔಷಧಿ ಬೇರಂತೆ. ಕುಡಿದರೂ ಏನೂ ಆಗುವುದಿಲ್ಲವಂತೆ. ಅದಕ್ಕಾಗಿ ಮಗುವಿನ ಬೆರಳನ್ನು ಸುಟ್ಟೆನಲ್ಲೋ.

ಐದು ತಿಂಗಳು ಚೌಕಟ್ಟನ್ನು ಮುಟ್ಟಲಿಲ್ಲ. ಅಲ್ಲಿಯೂ ಇಲ್ಲದಿದ್ದರೆ ಏನು ಮಾಡುವುದು ಎಂದು. ನಿನ್ನೆ ನಾನು, ನಿನ್ನ ಭಾವ ಇಬ್ಬರೇ ಕೂತು ಮೊಳೆ ಕಿತ್ತೆವು. ಬಡಗಿಯನ್ನು ಕರೆಯಲಿಲ್ಲ.

ಇದೆ. ಚೌಕಟ್ಟಿನ ಕೆಳಗೆ ಎರಡು ಬೆರಳು ಅಗಲ ಅಂಗಿಯ ಅಂಚು ಕೆಂಪಗೆ ಉಳಿದಿದೆ. ಮೇಲೊಂದು ಹಳದಿ ಪೊರೆ ಇದೆ, ಅದರ ಅಡಿಯಲ್ಲಿ ಕೆಂಪು ಹಾಗೇ ಇದೆ. ಮೂಲೆಯಲ್ಲಿ ಹೆಬ್ಬೆರಳು. ನನ್ನದರ ಅರ್ಧದಷ್ಟಿದೆ. ಗೆರೆ ಗೆರೆಯೂ ಕಾಣುತ್ತದೆ, ಉಗುರಿನ ಕಡೆ ಒಂಚೂರು ಬಣ್ಣ ಜಾಸ್ತಿ ಹತ್ತಿದೆ. ನಾನು ಉಜ್ಜಿದ್ದು ಅಲ್ಲಿಯೇ. ನಿನ್ನ ಭಾವ ಅದರ ಮೇಲೆ ಬೆರಳಿಡಲು ಹೋಗಿ ಇಡಲಿಲ್ಲ. ನಾನು ಇಟ್ಟೆ.

ನಿನ್ನ ಮುನ್ನೂರು ವರ್ಷದ ಕೆಂಪು ಬೇಡ. ಮುನ್ನೂರು ವರ್ಷ ಯಾರು ಕೂತು ನೋಡುತ್ತಾರೆ. ನಾವಿಬ್ಬರೂ ಇರುವ ತನಕ ಉಳಿದಿದ್ದರೆ ಸಾಕಿತ್ತು. ನೀನು ಬರೆಯುವ ಕೆನ್ನೆ ನಿನ್ನ ನೆನಪಿನದು, ಅವಳದಲ್ಲ. ಅದು ಬೆಳ್ಳಗೇ ಇರಲಿ. ಗುಳಿ ಬಲಗೆನ್ನೆಯಲ್ಲಿ ಎಂದು ಗೋಡೆಯ ಕ್ಯಾಲೆಂಡರಿನ ಹಿಂದೆ ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ, ಮರೆತರೆ ಬೇಕಲ್ಲ.

ಚೌಕಟ್ಟನ್ನು ವಾಪಸ್ ಹಾಕಲು ನಮಗೆ ಬರಲಿಲ್ಲ. ನಾನು ಹೊಡೆದ ಮೊಳೆ ಬಾಗಿತು, ನಿನ್ನ ಭಾವ ಹೊಡೆದದ್ದು ಪಕ್ಕಕ್ಕೆ ಜಾರಿತು. ಮೂಲೆ ತೆರೆದೇ ಇದೆ. ಬೆಳಕು ತಾಗದಿರಲಿ ಎಂದು ಹಾಸುಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮುಚ್ಚಿದ್ದೇನೆ, ಆದರೂ ದಿನಕ್ಕೆ ಹತ್ತು ಸಲ ಎತ್ತಿ ನೋಡುತ್ತೇನೆ. ಬಿಟ್ಟರೆ ನೋಡಿ ನೋಡಿಯೇ ಅದನ್ನೂ ಕಳೆಯುತ್ತೇನೆ. ನೀನೇ ಬಂದು ಹಾಕಿ ಹೋಗು. ಬೇಗ ಬಾ. ಬಂದ ಮೇಲೆ ನಿನ್ನ ಜೊತೆ ಮಾತಾಡುತ್ತೇನೋ ಇಲ್ಲವೋ, ಈಗಲೇ ಹೇಳಲಾರೆ.

ಬಣ್ಣ ತರಬೇಡ. ಸಣ್ಣ ಮೊಳೆ ತಾ, ಇಲ್ಲಿ ಸಿಗುವುದು ದಪ್ಪ.

ಅಕ್ಕ